ಸೂತ್ರ ಇದೆಯೋ ಇಲ್ಲವೋ: ಅವಕಲ ಸಮೀಕರಣಗಳಿಗೆ ಗಲ್ವಾ ಪರೀಕ್ಷೆ ಮಾಡುವ ಕ್ರಮ

ಪದವಿ ತರಗತಿಯ ಪಠ್ಯಪುಸ್ತಕದಲ್ಲಿ ಬರುವ ಅವಕಲ ಸಮೀಕರಣಗಳಿಗೆಲ್ಲ ಉತ್ತರ ಇರುತ್ತದೆ, ಏಕೆಂದರೆ ಉತ್ತರ ಇರುವಂಥವನ್ನೇ ಹೆಕ್ಕಿ ಅಲ್ಲಿ ಹಾಕಿರುತ್ತಾರೆ. ಕಾರವಾರ, ಕುಮಟಾ, ಹೊನ್ನಾವರ, ಶಿರಸಿಯ ಕಾಲೇಜುಗಳಲ್ಲಿ ಗಣಿತ ಓದುವವರು ಪುಸ್ತಕದ ಹೊರಗಿನ ಒಂದು ಸಮೀಕರಣವನ್ನು ಎದುರಿಗಿಟ್ಟುಕೊಂಡು, ಗೊತ್ತಿರುವ ಉಪಾಯಗಳನ್ನೆಲ್ಲ ಹಾಕಿ ನೋಡಿ, ಕೊನೆಗೆ ತಮಗೇ ಬುದ್ಧಿ ಸಾಲದು ಎಂದುಕೊಂಡು ಬಿಟ್ಟುಬಿಡುವುದನ್ನು ಕಂಡಾಗ ನನಗೆ ತುಂಬ ಬೇಸರವಾಗುತ್ತದೆ. ಬಹಳ ಸಲ ಆ ಸಮೀಕರಣಕ್ಕೆ ಸೂತ್ರರೂಪದ ಉತ್ತರವೇ ಇರುವುದಿಲ್ಲ. ಇಲ್ಲ ಎಂದು ಊಹಿಸಿ ಸುಮ್ಮನಾಗಬೇಕಾಗಿಯೂ ಇಲ್ಲ, ಒಂದು ಹಾಳೆಯಲ್ಲಿ ಅದನ್ನು ಸಾಧಿಸಿಯೇ ತೋರಿಸಬಹುದು.

ಹಾಗೆ ಸಾಧಿಸುವ ಶಾಸ್ತ್ರ ಅವಕಲ ಗಲ್ವಾ ಸಿದ್ಧಾಂತ. ಐದನೆಯ ಘಾತದ ಸಮೀಕರಣಕ್ಕೆ ವರ್ಗಮೂಲ, ಘನಮೂಲಗಳಿಂದ ಕಟ್ಟಿದ ಸಾಮಾನ್ಯ ಸೂತ್ರ ಏಕಿಲ್ಲ ಎಂಬುದನ್ನು ಎವಾರಿಸ್ತ್ ಗಲ್ವಾ ಅದರ ಮೂಲಗಳನ್ನು ಅದಲುಬದಲು ಮಾಡುವ ಗುಂಪುಗಳ ಮೂಲಕ ವಿವರಿಸಿ 1832ರಲ್ಲಿ ತೀರಿಕೊಂಡ. ಅವನ ಬರಹವನ್ನು 1846ರಲ್ಲಿ ಅಚ್ಚು ಹಾಕಿಸಿದವನು ಜೋಸೆಫ್ ಲಿಯೂವಿಲ್. ಅದೇ ಲಿಯೂವಿಲ್ 1830ರ ದಶಕದಲ್ಲಿ, ಯಾವ ಅನುಕಲನಕ್ಕೆ ಸೂತ್ರ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಬುನಾದಿ ಹಾಕಿದ್ದ. ಎರಡೂ ಎಳೆಗಳನ್ನು ಎಮಿಲ್ ಪಿಕಾರ್ 1883ರಲ್ಲಿ ಕೂಡಿಸಿದ, ಎರ್ನೆಸ್ಟ್ ವೆಸಿಯೊ 1892ರಲ್ಲಿ ಮುಂದುವರಿಸಿದ, ಎಲಿಸ್ ಕೋಲ್ಚಿನ್ 1948ರಲ್ಲಿ ಗಟ್ಟಿ ತಳಪಾಯ ಕೊಟ್ಟ. ಕೈಯಲ್ಲೇ ಮಾಡಬಹುದಾದ ವಿಧಾನವನ್ನು 1986ರಲ್ಲಿ ಪ್ರಕಟಿಸಿದವನು ಜೆರಾಲ್ಡ್ ಕೊವಾಸಿಕ್. ಈ ಲೇಖನದ ಹಂತಗಳು ಮುಖ್ಯವಾಗಿ ಆ ವಿಧಾನದವು. ಎರಡನೆಯ ದರ್ಜೆಯ ಸಮೀಕರಣಗಳಿಗೆ ಅದು ಪೂರ್ತಿ ತೀರ್ಮಾನ ಕೊಡುತ್ತದೆ.

ಬೇಕಾದ ತಯಾರಿ ಹೆಚ್ಚಿಲ್ಲ. ಅವಕಲನ, ಅನುಕಲನ, 2×2 ಮಾತೃಕೆ, ಸಂಕೀರ್ಣ ಸಂಖ್ಯೆಗಳ ಪರಿಚಯ ಇದ್ದರೆ ಸಾಕು. ಬರವಣಿಗೆಗೆ ಕೆಲವು ಗುರುತುಗಳು: ದೂರವನ್ನು ಸೂಚಿಸುವ ಚರ ದ, ಹುಡುಕಬೇಕಾದ ಫಲನ ಯ, ಅದರ ನಿಷ್ಪನ್ನಗಳು ಯ′ ಮತ್ತು ಯ″, ಸ್ಥಿರಾಂಕ ಕ. ಘಾತೀಯ ಫಲನವನ್ನು ಘಾ(ದ) ಎಂದು ಬರೆಯುತ್ತೇನೆ.

ಹಂತ 1: ಸಮೀಕರಣವನ್ನು ಮುಂದಿಟ್ಟುಕೊಳ್ಳಿ

ನಮ್ಮ ಕರಾವಳಿಯಲ್ಲಿ ಉದಾಹರಣೆಗೆ ಬರವಿಲ್ಲ. ಆಳಕ್ಕೆ ಹೋಲಿಸಿದರೆ ಬಹಳ ಉದ್ದವಾದ ಅಲೆಯೊಂದು ದಡದ ಕಡೆ ಬರುತ್ತಿದೆ ಎಂದುಕೊಳ್ಳಿ. ದಡದಿಂದ ದ ದೂರದಲ್ಲಿ ನೀರಿನ ಆಳ ಆ ಆಗಿದ್ದರೆ, ಅಲೆಯ ಎತ್ತರ ಯ ಪಾಲಿಸುವ ಸಮೀಕರಣ ಇದು:

(ಆ·ಯ′)′ + ಕ·ಯ = 0

ಅಲೆಯ ಅವಧಿ ಮತ್ತು ಗುರುತ್ವ ಎರಡೂ ಕ ಎಂಬ ಸ್ಥಿರಾಂಕದಲ್ಲಿ ಸೇರಿವೆ. ಈಗ ಸಮುದ್ರತಳಕ್ಕೆ ಮೂರು ಆಕಾರಗಳನ್ನು ಕೊಡೋಣ. ತಳ ಸಮತಟ್ಟಾಗಿದ್ದು ಆ = 1 ಆದರೆ ಯ″ + ಕಯ = 0. ತಳ ಒಂದೇ ಸಮನೆ ಇಳಿಯುತ್ತ ಆ = ದ ಆದರೆ ದಯ″ + ಯ′ + ಕಯ = 0. ತಳ ಪರವಲಯದಂತೆ ಇಳಿದು ಆ = ದ² ಆದರೆ ದ²ಯ″ + 2ದಯ′ + ಕಯ = 0. ದೇವಬಾಗದಲ್ಲಾಗಲಿ ಗೋಕರ್ಣದಲ್ಲಾಗಲಿ ತಳ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಮಳೆಗಾಲ ಬಂದರೆ ಮರಳೇ ಜಾಗ ಬದಲಿಸುತ್ತದೆ. ಆದರೂ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಬಹಳ ಉಪಯುಕ್ತ. ನೋಟಕ್ಕೆ ಒಂದೇ ಮನೆತನದವು, ಆದರೆ ಇವುಗಳಲ್ಲಿ ಎರಡಕ್ಕೆ ಸೂತ್ರ ಇದೆ, ಒಂದಕ್ಕೆ ಇಲ್ಲ. ಯಾವುದಕ್ಕೆ ಇಲ್ಲ ಎಂದು ಮೊದಲೇ ಊಹಿಸಿ ಒಂದು ಕಡೆ ಬರೆದಿಟ್ಟುಕೊಳ್ಳಿ.

ಈ ಹಂತದಲ್ಲಿ ನೋಡಬೇಕಾದದ್ದು ಒಂದೇ: ಸಹಗುಣಕಗಳೆಲ್ಲ ಬಹುಪದೋಕ್ತಿಗಳೋ ಅಥವಾ ಬಹುಪದೋಕ್ತಿಗಳ ಭಾಗಲಬ್ಧಗಳೋ ಆಗಿರಬೇಕು. ಸೈನ್, ಲಾಗ್ ಮುಂತಾದವು ಸಹಗುಣಕದಲ್ಲಿದ್ದರೆ ಚರ ಬದಲಿಸಿ ಅವನ್ನು ತೆಗೆಯಲು ಯತ್ನಿಸಿ. ಆಗದಿದ್ದರೆ ಕೆಳಗಿನ ವಿಧಾನ ಅಲ್ಲಿಗೆ ನೇರವಾಗಿ ಹೊಂದುವುದಿಲ್ಲ.

ಹಂತ 2: 'ಸೂತ್ರ' ಎಂದರೆ ಏನು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ

ಇದನ್ನು ಹಾರಿಸಿದರೆ ಮುಂದೆ ಗೊಂದಲ ತಪ್ಪಿದ್ದಲ್ಲ. ಭಾಗಲಬ್ಧ ಫಲನಗಳಿಂದ ಹೊರಟು ಮೂರು ಕೆಲಸಗಳನ್ನು ಎಷ್ಟು ಸಲ ಬೇಕಾದರೂ ಮಾಡಲು ಅನುಮತಿ ಕೊಡೋಣ: ಬೀಜಗಣಿತದ ಸಮೀಕರಣದ ಮೂಲ ತೆಗೆಯುವುದು, ಅನುಕಲನ ಮಾಡುವುದು, ಅನುಕಲನದ ಘಾತೀಯ ತೆಗೆದುಕೊಳ್ಳುವುದು. ಹೀಗೆ ಕಟ್ಟಬಹುದಾದ ಫಲನಗಳಿಗೆ ಲಿಯೂವಿಲ್ ಫಲನಗಳು ಎಂದು ಹೆಸರು. ಸೈನ್, ಕೊಸೈನ್, ಲಾಗ್, ವರ್ಗಮೂಲ ಎಲ್ಲವೂ ಇದರಲ್ಲಿ ಬರುತ್ತವೆ.

ಗಮನಿಸಿ, ಇಲ್ಲಿ ಬಿಡಿಸದೆ ಉಳಿದ ಅನುಕಲನವೂ ಉತ್ತರವೆಂದೇ ಲೆಕ್ಕ. ಸಂಖ್ಯಾಶಾಸ್ತ್ರದಲ್ಲಿ ಬರುವ ಘಾ(−ದ²) ಎಂಬ ಗಂಟೆಯಾಕಾರದ ವಕ್ರದ ಅನುಕಲನ ಲಿಯೂವಿಲ್ ಫಲನ ಹೌದು, ಆದರೆ ಅನುಕಲನ ಚಿಹ್ನೆಯಿಲ್ಲದೆ ಪರಿಚಿತ ಫಲನಗಳಲ್ಲಿ ಅದನ್ನು ಬರೆಯಲಾಗದು. ಲಿಯೂವಿಲ್‌ನ ಪ್ರಮೇಯದ ಪ್ರಕಾರ ಹಾಗೆ ಬರೆಯಬೇಕಾದರೆ ಸ′ − 2ದಸ = 1 ಆಗುವಂಥ ಭಾಗಲಬ್ಧ ಫಲನ ಸ ಒಂದು ಇರಬೇಕು. ಸ-ದ ಛೇದ ಎಲ್ಲಾದರೂ ಸೊನ್ನೆಯಾದರೆ, ಸ′ದಲ್ಲಿ ಆ ಛೇದದ ಘಾತ ಇನ್ನೂ ಒಂದು ಹೆಚ್ಚುತ್ತದೆ, ಅದನ್ನು ಹೊಡೆದುಹಾಕುವ ಪದ ಬೇರೆ ಇಲ್ಲ. ಆದ್ದರಿಂದ ಸ ಬಹುಪದೋಕ್ತಿಯೇ ಆಗಬೇಕು. ಬಹುಪದೋಕ್ತಿಯಾದರೆ 2ದಸ-ದ ಘಾತ ಕನಿಷ್ಠ 1, ಎಡಗಡೆ ಒಟ್ಟು 1 ಎಂಬ ಸ್ಥಿರಾಂಕ ಆಗುವುದು ಹೇಗೆ? ಸಾಧ್ಯವಿಲ್ಲ. ನಾಲ್ಕು ವಾಕ್ಯಗಳಲ್ಲಿ ಮುಗಿಯುವ ಈ ಸಾಧನೆಯನ್ನು ಪದವಿ ತರಗತಿಯಲ್ಲಿ ಹೇಳಿಕೊಡದೆ 'ಕೋಷ್ಟಕ ನೋಡಿ' ಎಂದು ಮುಂದೆ ಹೋಗುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಹಂತ 3: ನಡುವಿನ ಪದವನ್ನು ತೆಗೆಯಿರಿ

ಸಮೀಕರಣವನ್ನು ಯ″ + ಪಯ′ + ಫಯ = 0 ಎಂಬ ರೂಪಕ್ಕೆ ತನ್ನಿ. ಯ = ಜ·ಘಾ(−½∫ಪ) ಎಂದು ಇಟ್ಟರೆ ಯ′ ಇರುವ ಪದ ಮಾಯವಾಗಿ

ಜ″ = ರ·ಜ, ರ = ಪ²/4 + ಪ′/2 − ಫ

ಎಂದು ಉಳಿಯುತ್ತದೆ. ಗುಣಿಸಿದ ಅಂಶವೇ ಲಿಯೂವಿಲ್ ಫಲನವಾದ್ದರಿಂದ ಸೂತ್ರ ಇದೆಯೇ ಎಂಬ ಪ್ರಶ್ನೆಗೆ ಇದರಿಂದ ಧಕ್ಕೆಯಿಲ್ಲ. ಇನ್ನು ಮುಂದೆ ರ ಒಂದೇ ನಮ್ಮ ಜಾತಕ.

ನಮ್ಮ ಮೂರು ತಳಗಳಿಗೆ ಲೆಕ್ಕ ಹಾಕಿ. ಸಮತಟ್ಟಿಗೆ ರ = −ಕ. ಪರವಲಯಕ್ಕೆ ಪ = 2/ದ, ಫ = ಕ/ದ²; ಮೊದಲ ಎರಡು ಪದಗಳು ಒಂದನ್ನೊಂದು ಹೊಡೆದುಹಾಕಿ ರ = −ಕ/ದ². ಒಂದೇ ಸಮನೆ ಇಳಿಯುವ ತಳಕ್ಕೆ ಪ = 1/ದ, ಫ = ಕ/ದ; ಆದ್ದರಿಂದ ರ = 1/(4ದ²) − 1/(2ದ²) − ಕ/ದ = −1/(4ದ²) − ಕ/ದ. ಪ′ದ ಋಣ ಚಿಹ್ನೆ ಕೈತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಇಲ್ಲಿ ಒಮ್ಮೆ ನಿಂತು ಮರುಪರಿಶೀಲಿಸಿ.

ಹಂತ 4: ರ-ವನ್ನು ಎರಡು ಕಡೆ ಪರೀಕ್ಷಿಸಿ

ಮೊದಲನೆಯದು, ಛೇದ ಸೊನ್ನೆಯಾಗುವ ಬಿಂದುಗಳು. ಇವು ಧ್ರುವಗಳು. ಪ್ರತಿ ಧ್ರುವದಲ್ಲಿ ಛೇದ ಎಷ್ಟನೆಯ ಘಾತದಲ್ಲಿದೆ ಎಂದು ಬರೆದುಕೊಳ್ಳಿ. ಎರಡನೆಯದು, ಅನಂತ. ಛೇದದ ಘಾತದಿಂದ ಅಂಶದ ಘಾತವನ್ನು ಕಳೆಯಿರಿ, ಬಂದದ್ದು ಅನಂತದ ಅಂಕ. ಸೂತ್ರರೂಪದ ಉತ್ತರ ಮೂರು ಬಗೆಯಲ್ಲಿ ಬರಬಹುದು; ಇಷ್ಟಾದ ಮೇಲೆ ಬಗೆಗೆ ಒಂದರಂತೆ ಮೂರು ಪ್ರಶ್ನೆ ಕೇಳಬೇಕು.

ಒಂದು: ಪ್ರತಿಯೊಂದು ಧ್ರುವದ ಘಾತವೂ 1 ಅಥವಾ ಸಮಸಂಖ್ಯೆಯೇ? ಅನಂತದ ಅಂಕ ಸಮಸಂಖ್ಯೆಯೇ ಅಥವಾ 2ಕ್ಕಿಂತ ದೊಡ್ಡದೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಮೊದಲ ಬಗೆಯ, ಅಂದರೆ ಜ′/ಜ ಭಾಗಲಬ್ಧ ಫಲನವಾಗಿರುವ, ಉತ್ತರದ ಆಸೆ ಇಟ್ಟುಕೊಳ್ಳಬಹುದು.

ಎರಡು: ಘಾತ 2 ಇರುವ, ಇಲ್ಲವೇ 2ಕ್ಕಿಂತ ದೊಡ್ಡ ಬೆಸಸಂಖ್ಯೆಯ ಘಾತ ಇರುವ ಧ್ರುವ ಒಂದಾದರೂ ಇದೆಯೇ?

ಮೂರು: ಎಲ್ಲ ಧ್ರುವಗಳ ಘಾತವೂ 2ನ್ನು ಮೀರದೆ ಇದ್ದು, ಅನಂತದ ಅಂಕ ಕನಿಷ್ಠ 2 ಇದೆಯೇ?

ಮೂರಕ್ಕೂ ಇಲ್ಲ ಎಂದು ಬಂದರೆ ಅಲ್ಲಿಗೆ ತೀರ್ಮಾನವಾಯಿತು, ಲಿಯೂವಿಲ್ ಫಲನಗಳಲ್ಲಿ ಉತ್ತರ ಇಲ್ಲ. ಯಾವುದಾದರೂ ಒಂದಕ್ಕೆ ಹೌದು ಬಂದರೆ ಉತ್ತರ ಇರಬಹುದು, ಇದ್ದೇ ಇದೆ ಎಂದಲ್ಲ.

ಈ ಪ್ರಶ್ನೆಗಳು ಎಲ್ಲಿಂದ ಹುಟ್ಟಿದವು ಎಂಬುದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. ಮಳೆಗಾಲದ ಸಂಜೆ ಕಾರವಾರದಲ್ಲಿ ಸೂರ್ಯ ಪಶ್ಚಿಮದ ಕಡಲ ಮೇಲಿರುವಾಗ ಪೂರ್ವದ ಗುಡ್ಡಗಳ ಮೇಲೆ ಕಾಮನಬಿಲ್ಲು ಮೂಡುತ್ತದೆ. ಚೆನ್ನಾಗಿ ದಿಟ್ಟಿಸಿದರೆ ಕೆಲವೊಮ್ಮೆ ಮುಖ್ಯ ಬಿಲ್ಲಿನ ಒಳಮಗ್ಗುಲಲ್ಲಿ ಮಸುಕಾದ ತೆಳು ಪಟ್ಟಿಗಳು ಕಾಣುತ್ತವೆ. ಆ ಪಟ್ಟಿಗಳ ಬೆಳಕಿನ ಲೆಕ್ಕವನ್ನು ಬ್ರಿಟನ್ನಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ 1838ರಲ್ಲಿ ಮಾಡಿದ. ಅದರಲ್ಲಿ ಬರುವ ಫಲನ ಪಾಲಿಸುವ ಸಮೀಕರಣ ಜ″ = ದ·ಜ. ಬರೆಯಲು ಇದಕ್ಕಿಂತ ಸರಳವಾದದ್ದು ಇನ್ನೇನಿದೆ?

ಉ = ಜ′/ಜ ಎಂದು ಇಡಿ. ಜ″ = ದಜ ಎಂಬುದು ಉ′ + ಉ² = ದ ಎಂದು ಬದಲಾಗುತ್ತದೆ. ಉ ಭಾಗಲಬ್ಧ ಫಲನವಾಗಿದ್ದರೆ ದ ಬಹಳ ದೊಡ್ಡದಾದಾಗ ಅದು ದ-ದ ಯಾವುದೋ ಪೂರ್ಣಾಂಕ ಘಾತದಂತೆ ವರ್ತಿಸಬೇಕು. ಆ ಘಾತ 1 ಅಥವಾ ಹೆಚ್ಚಾದರೆ ಉ²ದ ಘಾತ 2 ಅಥವಾ ಹೆಚ್ಚು, ಬಲಗಡೆ ಇರುವುದು 1. ಘಾತ 0 ಅಥವಾ ಕಡಿಮೆಯಾದರೆ ಎಡಗಡೆ ದ-ದಷ್ಟು ಬೆಳೆಯುವುದೇ ಇಲ್ಲ. ಬೇಕಾಗಿರುವ ಘಾತ ½, ಅದು ಪೂರ್ಣಾಂಕವಲ್ಲ. ಮೊದಲ ಪ್ರಶ್ನೆಯಲ್ಲಿ 'ಸಮಸಂಖ್ಯೆ' ಎಂದು ಕೇಳಿದ್ದು ಈ ಕಾರಣಕ್ಕೆ. ಏರಿ ಸಮೀಕರಣಕ್ಕೆ ಧ್ರುವವೇ ಇಲ್ಲ, ಆದ್ದರಿಂದ ಎರಡನೆಯ ಪ್ರಶ್ನೆಗೆ ಇಲ್ಲ; ಅನಂತದ ಅಂಕ −1, ಆದ್ದರಿಂದ ಮೂರನೆಯದಕ್ಕೂ ಇಲ್ಲ. ಬೇರೆ ಬೇರೆ ಉಪಾಯಗಳ ಬೆನ್ನು ಹತ್ತುವ ಅಗತ್ಯವೇ ಉಳಿಯಲಿಲ್ಲ.

ಹಂತ 5: ಹೌದು ಬಂದ ಕಡೆ ಉತ್ತರವನ್ನು ಹುಡುಕಿ

ಸಮತಟ್ಟು ತಳದ ಉತ್ತರ ಎಲ್ಲರಿಗೂ ಗೊತ್ತು, ಸೈನ್ ಮತ್ತು ಕೊಸೈನ್. ಪರವಲಯದ ತಳಕ್ಕೆ ಜ = ದ-ದ ಮ-ನೆಯ ಘಾತ ಎಂದು ಹಾಕಿದರೆ ಮ(ಮ−1) = −ಕ ಎಂಬ ವರ್ಗ ಸಮೀಕರಣ ಬರುತ್ತದೆ. ಕ ಕಾಲಿಗಿಂತ, ಅಂದರೆ ¼ಕ್ಕಿಂತ, ದೊಡ್ಡದಾದಾಗ ಮ ಸಂಕೀರ್ಣ ಸಂಖ್ಯೆ; ಆಗ ಜ = √ದ · ಕೊಸೈನ್(ಸ·ಲಾಗ್ ದ), ಇಲ್ಲಿ ಸ = √(ಕ − ¼). ಯ = ಜ/ದ ಆದ್ದರಿಂದ ಅಲೆಯ ಎತ್ತರ 1/√ದ-ದಂತೆ ದಡದತ್ತ ಏರುತ್ತದೆ. ಆಳ ಇಲ್ಲಿ ದ² ಆಗಿರುವುದರಿಂದ, ಆಳ 16 ಪಟ್ಟು ಕಡಿಮೆಯಾದರೆ ಅಲೆ 2 ಪಟ್ಟು ಎತ್ತರವಾಗುತ್ತದೆ. ಕರಾವಳಿ ಎಂಜಿನಿಯರುಗಳು ಗ್ರೀನ್ ನಿಯಮ ಎಂದು ಕರೆಯುವುದು ಇದನ್ನೇ.

ಹೌದು ಬಂದರೂ ಕೆಲವೊಮ್ಮೆ ಬರಿಗೈ ಎಂಬುದಕ್ಕೆ ರ = ದ² + ಕ ಒಳ್ಳೆಯ ಉದಾಹರಣೆ. ಕ್ವಾಂಟಮ್ ಭೌತಶಾಸ್ತ್ರದ ಆಂದೋಲಕದಲ್ಲಿ ಬರುವುದು ಇದೇ. ಅನಂತದ ಅಂಕ −2, ಸಮಸಂಖ್ಯೆ, ಧ್ರುವವಿಲ್ಲ; ಮೊದಲ ಪ್ರಶ್ನೆಗೆ ಹೌದು. ಉ ಸರಿಸುಮಾರು ±ದ-ದಂತೆ ಬೆಳೆಯಬೇಕಾದ್ದರಿಂದ ಜ = ಬ·ಘಾ(±ದ²/2) ಎಂದು ಹಾಕಿ, ಬ ಒಂದು ಬಹುಪದೋಕ್ತಿ. ಸರಳಗೊಳಿಸಿದರೆ ಬ″ ± 2ದಬ′ = (ಕ ∓ 1)ಬ. ಬ-ದ ಮಹತ್ತಮ ಘಾತ ನ ಆಗಿದ್ದರೆ ಎರಡೂ ಕಡೆಯ ಅತಿ ದೊಡ್ಡ ಪದಗಳನ್ನು ಹೋಲಿಸಿ: ಕ = ±(2ನ + 1). ಅಂದರೆ ಕ ಬೆಸಸಂಖ್ಯೆಯಾದಾಗ ಮಾತ್ರ ಉತ್ತರ. ಕ = 3 ಆದರೆ ಜ = ದ·ಘಾ(ದ²/2) ಎಂದು ನೀವೇ ಎರಡು ಸಲ ಅವಕಲಿಸಿ ತಾಳೆ ನೋಡಿ. ಕ = 0 ಆದರೆ ನ = −½ ಎಂದು ಬರುತ್ತದೆ, ಅಂಥ ಬಹುಪದೋಕ್ತಿ ಇಲ್ಲ; ಎರಡನೆಯ, ಮೂರನೆಯ ಪ್ರಶ್ನೆಗಳೂ ಮೊದಲೇ ಇಲ್ಲ ಎಂದಿವೆ. ಆಂದೋಲಕದ ಶಕ್ತಿ ಮಟ್ಟಗಳು 1, 3, 5 ಎಂಬ ಪ್ರಮಾಣದಲ್ಲಿ ಇರುವುದನ್ನು ಓದಿದವರು ಈ ಬೆಸಸಂಖ್ಯೆಗಳನ್ನು ಕಂಡು ಹಿಗ್ಗಬಹುದು.

ಇನ್ನು ಒಂದೇ ಸಮನೆ ಇಳಿಯುವ ತಳ. ರ = −1/(4ದ²) − ಕ/ದ. ದ = 0 ಎಂಬಲ್ಲಿ ಘಾತ 2ರ ಧ್ರುವ. ಛೇದ 4ದ², ಅಂಶ −(1 + 4ಕದ), ಆದ್ದರಿಂದ ಅನಂತದ ಅಂಕ 2 − 1 = 1. ಮೊದಲ ಪ್ರಶ್ನೆಗೆ ಇಲ್ಲ, ಮೂರನೆಯದಕ್ಕೂ ಇಲ್ಲ, ಎರಡನೆಯದಕ್ಕೆ ಮಾತ್ರ ಹೌದು. ಎರಡನೆಯ ಬಗೆಯಲ್ಲಿ ಹೀಗೆ ಮುಂದುವರಿಯಬೇಕು. ಘಾತ 2ರ ಧ್ರುವದಲ್ಲಿ 1/ದ²ದ ಸಹಗುಣಕವನ್ನು ಹ ಎನ್ನಿ. 2, 2 + 2√(1+4ಹ), 2 − 2√(1+4ಹ) ಇವುಗಳಲ್ಲಿ ಪೂರ್ಣಾಂಕಗಳನ್ನು ಆರಿಸಿ. ಇಲ್ಲಿ ಹ = −¼, ವರ್ಗಮೂಲದ ಒಳಗೆ ಸೊನ್ನೆ, ಹೀಗಾಗಿ ಸಿಗುವುದು 2 ಒಂದೇ. ಅನಂತದ ಅಂಕ 2ಕ್ಕಿಂತ ಕಡಿಮೆಯಿದ್ದರೆ ಅದನ್ನೇ ತೆಗೆದುಕೊಳ್ಳಬೇಕು, ಇಲ್ಲಿ 1. ಅನಂತದ ಸಂಖ್ಯೆಯಿಂದ ಧ್ರುವಗಳ ಸಂಖ್ಯೆಗಳನ್ನು ಕಳೆದು ಅರ್ಧ ಮಾಡಿ: (1 − 2)/2 = −½. ಇದು ಸೊನ್ನೆ ಅಥವಾ ಧನ ಪೂರ್ಣಾಂಕವಾಗಿದ್ದರೆ ಮುಂದೆ ಹುಡುಕಬೇಕಿತ್ತು, ಏಕೆಂದರೆ ಇದು ಒಂದು ಬಹುಪದೋಕ್ತಿಯ ಘಾತ. ಋಣ ಅರ್ಧ ಯಾವ ಬಹುಪದೋಕ್ತಿಯ ಘಾತವೂ ಆಗಲಾರದು.

ಹಾಗಾಗಿ ಮೂರು ತಳಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವೆಂದು ತೋರುವ ನೇರ ಇಳಿಜಾರಿಗೇ ಸೂತ್ರ ಇಲ್ಲ. ಪರವಲಯಕ್ಕೆ ಇದೆ!

ಮೂರನೆಯ ಬಗೆಯ ಹುಡುಕಾಟ ಉದ್ದವಾದದ್ದು. ಅಲ್ಲಿ ಉತ್ತರಗಳೆಲ್ಲ ಬೀಜಗಣಿತದ ಫಲನಗಳು, ಉ ಪಾಲಿಸುವ ಸಮೀಕರಣದ ಘಾತ 4, 6 ಅಥವಾ 12. ಅದನ್ನು ಕಂಪ್ಯೂಟರಿಗೆ ಬಿಡುವುದೇ ಲೇಸು. ಮೇಪಲ್ ತಂತ್ರಾಂಶದಲ್ಲಿ ಕೊವಾಸಿಕ್ ವಿಧಾನ ಅಡಕವಾಗಿದೆ. ಒಂದು ಎಚ್ಚರಿಕೆ: ತಂತ್ರಾಂಶ ಸುಮ್ಮನೆ ಉತ್ತರ ಕೊಡದೆ ಹೋದರೆ ಅದನ್ನು 'ಇಲ್ಲ' ಎಂಬುದರ ಸಾಧನೆ ಎಂದು ತಿಳಿಯಬೇಡಿ. ಯಾವ ವಿಧಾನ ಬಳಸಿತು ಎಂದು ನೋಡಿ, ಮೇಲಿನ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಮಾಡಿ.

ಹಂತ 6: ಇದರ ಹಿಂದಿರುವ ಗುಂಪನ್ನು ಕಾಣಿರಿ

ಇಷ್ಟು ಹೊತ್ತು ಗಲ್ವಾ ಎಲ್ಲಿ ಹೋದ ಎಂದು ಕೇಳಬಹುದು. ಜ″ = ರಜ ಸಮೀಕರಣಕ್ಕೆ ಎರಡು ಸ್ವತಂತ್ರ ಉತ್ತರಗಳಿವೆ, ಜ₁ ಮತ್ತು ಜ₂. ಇವುಗಳ ಜಾಗದಲ್ಲಿ ಅ·ಜ₁ + ಇ·ಜ₂ ಎಂಬಂಥ ಬೇರೆ ಜೋಡಿಯನ್ನು ಇಟ್ಟರೂ ಸಮೀಕರಣಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಯಕ್ಷಗಾನ ಮೇಳದಲ್ಲಿ ಅರ್ಜುನನ ವೇಷವನ್ನು ಇಂದು ಒಬ್ಬರು ನಾಳೆ ಇನ್ನೊಬ್ಬರು ಮಾಡಿದರೂ ಪ್ರಸಂಗ ನಡೆಯುವಂತೆ. ಆದರೆ ಎಲ್ಲ ಅದಲುಬದಲಿಗೂ ಅನುಮತಿಯಿಲ್ಲ. ಉತ್ತರಗಳ ನಡುವೆ, ಅವುಗಳ ನಿಷ್ಪನ್ನಗಳ ನಡುವೆ ಇರುವ ಬೀಜಗಣಿತದ ಸಂಬಂಧಗಳೆಲ್ಲ ಉಳಿಯಬೇಕು, ಭಾಗಲಬ್ಧ ಫಲನಗಳು ಅಲುಗಾಡಬಾರದು. ಹಾಗೆ ಉಳಿಸುವ 2×2 ಮಾತೃಕೆಗಳೆಲ್ಲ ಸೇರಿದ ಗುಂಪೇ ಸಮೀಕರಣದ ಗಲ್ವಾ ಗುಂಪು.

ಒಂದು ಸಂಬಂಧ ಯಾವಾಗಲೂ ಇದ್ದೇ ಇದೆ. ಜ₁ಜ₂′ − ಜ₂ಜ₁′ ಅನ್ನು ಅವಕಲಿಸಿ; ಜ₁·ರಜ₂ − ಜ₂·ರಜ₁ = 0. ಅಂದರೆ ಅದು ಸ್ಥಿರಾಂಕ, ಬದಲಾಗುವಂತಿಲ್ಲ. ಆದ್ದರಿಂದ ಗುಂಪಿನ ಪ್ರತಿ ಮಾತೃಕೆಯ ನಿರ್ಧಾರಕ 1. ನಡುವಿನ ಪದವನ್ನು ತೆಗೆದದ್ದರ ಲಾಭ ಇದು.

ಸಂಬಂಧಗಳು ಹೆಚ್ಚಿದಷ್ಟೂ ಗುಂಪು ಚಿಕ್ಕದು. ಪರವಲಯದ ತಳದಲ್ಲಿ ಕ = 3/16 ಆದರೆ ಉತ್ತರಗಳು ದ-ದ ¼ ಮತ್ತು ¾ ಘಾತಗಳು, ಗುಂಪಿನಲ್ಲಿ ಇರುವುದು ನಾಲ್ಕೇ ಸದಸ್ಯರು. ಸಮತಟ್ಟು ತಳದಲ್ಲಿ ಒಂದು ಘಾತೀಯವನ್ನು ಯಾವುದೇ ಸಂಖ್ಯೆಯಿಂದ ಗುಣಿಸಿ ಇನ್ನೊಂದನ್ನು ಅದೇ ಸಂಖ್ಯೆಯಿಂದ ಭಾಗಿಸಬಹುದು, ಗುಂಪು ಅನಂತ ಆದರೂ ಸರಳ ಸ್ವಭಾವದ್ದು. ಲಾಗ್ ಬಂದರೆ ಅದಕ್ಕೆ ಸ್ಥಿರಾಂಕ ಕೂಡಿಸುವ ಗುಂಪು. ಲಿಯೂವಿಲ್ ಅನುಮತಿ ಕೊಟ್ಟ ಮೂರು ಕೆಲಸಗಳಿಗೆ ಮೂರು ಬಗೆಯ ಗುಂಪುಗಳು: ಮೂಲ ತೆಗೆದರೆ ಸೀಮಿತ ಗುಂಪು, ಅನುಕಲಿಸಿದರೆ ಸಂಕಲನದ ಗುಂಪು, ಘಾತೀಯಕ್ಕೆ ಗುಣಾಕಾರದ ಗುಂಪು. ಸೂತ್ರ ಕಟ್ಟುವುದೆಂದರೆ ಇವನ್ನು ಮೆಟ್ಟಿಲು ಮೆಟ್ಟಿಲಾಗಿ ಪೇರಿಸುವುದು.

ಏರಿ ಸಮೀಕರಣದಲ್ಲೂ ನೇರ ಇಳಿಜಾರಿನಲ್ಲೂ ನಿರ್ಧಾರಕದ ಸಂಬಂಧ ಬಿಟ್ಟರೆ ಬೇರೆ ಯಾವ ಸಂಬಂಧವೂ ಇಲ್ಲ. ನಿರ್ಧಾರಕ 1 ಇರುವ ಎಲ್ಲ ಮಾತೃಕೆಗಳೂ ಗುಂಪಿನಲ್ಲಿವೆ. ±1 ಎಂಬ ಎರಡು ಮಾತೃಕೆಗಳ ಚಿಕ್ಕ ತುಂಡನ್ನು ತೆಗೆದರೆ ಉಳಿಯುವ ಗುಂಪನ್ನು ಇನ್ನು ಮೆಟ್ಟಿಲುಗಳಾಗಿ ಒಡೆಯಲು ಬರುವುದಿಲ್ಲ. ಐದನೆಯ ಘಾತದ ಸಮೀಕರಣದಲ್ಲಿ 60 ಸದಸ್ಯರ ಗುಂಪೊಂದು ಒಡೆಯಲು ನಿರಾಕರಿಸಿದ್ದಕ್ಕೂ ಇದಕ್ಕೂ ಕಾರಣ ಒಂದೇ ಜಾತಿಯದು. ಗಲ್ವಾನ ವಿಚಾರ ಅವಕಲ ಸಮೀಕರಣದವರೆಗೂ ಹೀಗೆ ಅಖಂಡವಾಗಿ ಹರಿದುಬಂದಿರುವುದನ್ನು ಅರಿತಾಗ ಆಗುವ ಸಂತೋಷಕ್ಕಾಗಿಯೇ ಈ ಶಾಸ್ತ್ರವನ್ನು ಕಲಿಯಬೇಕು ಎನ್ನುತ್ತೇನೆ.

ಹಂತ 7: ಸೂತ್ರ ಇಲ್ಲದ ಕಡೆ ಶ್ರೇಣಿಗೆ ಹೊರಳಿ

ಸೂತ್ರ ಇಲ್ಲವೆಂದರೆ ಉತ್ತರವೇ ಇಲ್ಲ ಎಂದಲ್ಲ. ನೇರ ಇಳಿಜಾರಿನ ಅಲೆಯನ್ನು ಶ್ರೇಣಿಯಾಗಿ ಬರೆಯಿರಿ: ದ-ದ ನ-ನೆಯ ಘಾತದ ಸಹಗುಣಕ ಶ(ನ). ದಯ″ + ಯ′ + ಕಯ = 0ಯಲ್ಲಿ ಹಾಕಿದರೆ

(ನ+1)²·ಶ(ನ+1) = −ಕ·ಶ(ನ)

ಎಂದು ಬರುತ್ತದೆ. ಕ = 1, ಶ(0) = 1 ಎಂದಿಟ್ಟರೆ ಯ = 1 − ದ + ದ²/4 − ದ³/36 + ದ⁴/576 − … ದ = 1ರಲ್ಲಿ ಐದಾರು ಪದಗಳನ್ನು ಕೂಡಿಸಿ: 0.2239. ದ = 1.5ರಲ್ಲಿ ಸುಮಾರು −0.023. ಅಂದರೆ ಇವೆರಡರ ನಡುವೆ, 1.45ರ ಆಸುಪಾಸಿನಲ್ಲಿ, ನೀರು ಏಳದೆ ಇಳಿಯದೆ ನಿಲ್ಲುವ ಜಾಗವೊಂದಿದೆ. ಕ್ಯಾಲ್ಕುಲೇಟರ್ ಕೂಡ ಬೇಕಿಲ್ಲದಷ್ಟು ಬೇಗ ಈ ಶ್ರೇಣಿ ಸೇರುತ್ತದೆ. ಗಣಿತ ಇದಕ್ಕೆ ಬೆಸೆಲ್ ಫಲನ ಎಂದು ಬೇರೆಯೇ ಹೆಸರು ಕೊಟ್ಟಿರುವುದಕ್ಕೆ ಕಾರಣ ಈಗ ಸ್ಪಷ್ಟ. ಹಳೆಯ ಫಲನಗಳಿಂದ ಅದನ್ನು ಕಟ್ಟಲಾಗದು.

ಆದರೆ ಸಹಗುಣಕಗಳ ಸಮೀಕರಣವನ್ನು ಮತ್ತೊಮ್ಮೆ ನೋಡಿ. ಅದು ಅವಕಲ ಸಮೀಕರಣವಲ್ಲ, ಅಂತರ ಸಮೀಕರಣ. ನಿಷ್ಪನ್ನದ ಬದಲು ನ-ದಿಂದ ನ+1ಕ್ಕೆ ಹೆಜ್ಜೆ. ಅದಕ್ಕೆ ಸೂತ್ರ ಇದೆ: ಶ(ನ) = (−ಕ)ⁿ/(ನ!)². ಇಲ್ಲಿ ಮೇಲಿನ ಪುಟ್ಟ ಗುರುತು ನ-ನೆಯ ಘಾತ, ನ! ಎಂದರೆ 1ರಿಂದ ನ-ವರೆಗಿನ ಗುಣಲಬ್ಧ. ಅವಕಲದ ಕಡೆ ಸೂತ್ರವಿಲ್ಲದ ವಸ್ತುವಿಗೆ ಅಂತರದ ಕಡೆ ಒಂದು ಸಾಲಿನ ಸೂತ್ರ.

ಹಂತ 8: ಅಂತರ ಸಮೀಕರಣಕ್ಕೂ ಅದೇ ಪರೀಕ್ಷೆ

ಅಂತರ ಸಮೀಕರಣಗಳಿಗೂ ಗಲ್ವಾ ಗುಂಪುಗಳಿವೆ. ಚಾರ್ಲ್ಸ್ ಫ್ರಾಂಕೆ 1963ರಲ್ಲಿ ಆ ಕೆಲಸ ಆರಂಭಿಸಿದ. ಮರಿಯಸ್ ವಾನ್ ಡೆರ್ ಪುಟ್ ಮತ್ತು ಮೈಕೆಲ್ ಸಿಂಗರ್ 1997ರಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟರು. ಕೈಯಲ್ಲಿ ಮಾಡುವವರಿಗೆ ಮೊದಲ ಪ್ರಶ್ನೆ ಇದು: ಒಂದು ಪದಕ್ಕೂ ಅದರ ಹಿಂದಿನದಕ್ಕೂ ಇರುವ ಅನುಪಾತ ಭಾಗಲಬ್ಧ ಫಲನವಾಗುವಂಥ ಉತ್ತರ ಇದೆಯೇ? ಮಾರ್ಕೊ ಪೆಟ್ಕೋವ್ಶೆಕ್ 1992ರಲ್ಲಿ ಇದನ್ನು ಪೂರ್ತಿ ತೀರ್ಮಾನಿಸುವ ವಿಧಾನ ಕೊಟ್ಟ. ಪೈಥಾನ್‌ನ ಉಚಿತ ಸಿಂಪೈ ತಂತ್ರಾಂಶದಲ್ಲಿ ಅದು ಸಿಗುತ್ತದೆ.

ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕಲು ನ ಜನ ಹೊರಟಿದ್ದಾರೆ. ಒಂದು ಪಾತಿ ದೋಣಿಯಲ್ಲಿ ಒಬ್ಬರು ಇಲ್ಲವೇ ಇಬ್ಬರು. ಯಾರು ಒಂಟಿ, ಯಾರು ಯಾರ ಜೊತೆ ಎಂದು ಎಷ್ಟು ರೀತಿಯಲ್ಲಿ ಹೊಂದಿಸಬಹುದು? ಹೊಸದಾಗಿ ಬಂದ ನ+1ನೆಯವರು ಒಂಟಿಯಾಗಿ ಹೋದರೆ ಉಳಿದವರಿಗೆ ತ(ನ) ರೀತಿ. ನ ಜನರಲ್ಲಿ ಒಬ್ಬರ ಜೊತೆ ಹೋದರೆ ಉಳಿದವರಿಗೆ ತ(ನ−1) ರೀತಿ. ಹೀಗೆ ತ(ನ+1) = ತ(ನ) + ನ·ತ(ನ−1); ಸಂಖ್ಯೆಗಳು 1, 2, 4, 10, 26, 76, 232.

ಅನುಪಾತ ಅ(ನ) = ತ(ನ+1)/ತ(ನ) ಎಂದಿಟ್ಟರೆ ಅ(ನ)·ಅ(ನ−1) = ಅ(ನ−1) + ನ. ಅ ಭಾಗಲಬ್ಧವಾಗಿದ್ದು ನ-ದ ಮ-ನೆಯ ಘಾತದಂತೆ ಬೆಳೆದರೆ, ಮ 1 ಅಥವಾ ಹೆಚ್ಚಾದಾಗ ಎಡಗಡೆಯ ಘಾತ 2ಮ, ಬಲಗಡೆಯದು ಮ ಮಾತ್ರ. ಮ 0 ಅಥವಾ ಕಡಿಮೆಯಾದಾಗ ಬಲಗಡೆ ನ-ದಷ್ಟು ಬೆಳೆಯುತ್ತದೆ, ಎಡಗಡೆ ಬೆಳೆಯುವುದೇ ಇಲ್ಲ. ಇಲ್ಲೂ ಬೇಕಾದದ್ದು ½. ಏರಿ ಸಮೀಕರಣವನ್ನು ತಡೆದ ಅದೇ ವರ್ಗಮೂಲ ಪಾತಿ ದೋಣಿಯ ಲೆಕ್ಕವನ್ನೂ ತಡೆಯಿತು. ಆದರೆ ತ(ನ)/ನ! ಎಂಬ ಸಹಗುಣಕಗಳಿಂದ ಶ್ರೇಣಿ ಕಟ್ಟಿ ನೋಡಿ; ಅದು ಪಾಲಿಸುವ ಅವಕಲ ಸಮೀಕರಣ ಯ′ = (1 + ದ)ಯ, ಉತ್ತರ ಘಾ(ದ + ದ²/2). ಇಳಿಜಾರಿನ ಅಲೆಯಲ್ಲಿ ಕಂಡದ್ದರ ತಿರುವುಮುರುವು. ಆದ್ದರಿಂದ ಒಂದು ಕಡೆ ಸಿಕ್ಕಿಕೊಂಡಾಗ ಇನ್ನೊಂದು ಕಡೆಗೆ ದಾಟಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಎರಡೂ ಕಡೆಯ ಸೇತುವೆ ಎಲ್ಲಕ್ಕೂ ಇರುವುದಿಲ್ಲ. ನ!ವನ್ನು ಎಲ್ಲ ಸಂಖ್ಯೆಗಳಿಗೂ ವಿಸ್ತರಿಸುವ ಗಾಮಾ ಫಲನ ಅತ್ಯಂತ ಸರಳ ಅಂತರ ಸಮೀಕರಣವನ್ನು ಪಾಲಿಸುತ್ತದೆ. ಆದರೆ ಬಹುಪದೋಕ್ತಿ ಸಹಗುಣಕಗಳ ಯಾವ ಬೀಜಗಣಿತೀಯ ಅವಕಲ ಸಮೀಕರಣವನ್ನೂ, ಅದು ಎಷ್ಟೇ ಜಟಿಲವಾಗಿರಲಿ, ಪಾಲಿಸುವುದಿಲ್ಲ ಎಂದು ಒಟ್ಟೊ ಹೋಲ್ಡರ್ 1887ರಲ್ಲಿ ಸಾಧಿಸಿದ. ಶಾರ್ಲೊಟ್ ಆರ್ದ್ವಾಂ ಮತ್ತು ಸಿಂಗರ್ 2008ರಲ್ಲಿ ಇಂಥ ಫಲಿತಾಂಶಗಳನ್ನು ಗಲ್ವಾ ಗುಂಪಿನಿಂದಲೇ ಪಡೆಯುವ ದಾರಿ ತೋರಿಸಿದರು.

ಅಭ್ಯಾಸಕ್ಕೆ

ರ = ದ³ + 1 ತೆಗೆದುಕೊಂಡು ಮೂರು ಪ್ರಶ್ನೆ ಕೇಳಿ; ಅರ್ಧ ನಿಮಿಷದ ಕೆಲಸ. ರ = 2/ದ² − 1ಕ್ಕೆ ಜ = (ಸೈನ್ ದ)/ದ − ಕೊಸೈನ್ ದ ಹೊಂದುತ್ತದೆಯೇ ಎಂದು ಅವಕಲಿಸಿ ನೋಡಿ, ಆಮೇಲೆ 2ರ ಜಾಗದಲ್ಲಿ 1 ಹಾಕಿದರೆ ಏನಾಗುತ್ತದೆ ಎಂದು ಹಂತ 5ರ ಎರಡನೆಯ ಬಗೆಯನ್ನು ಪ್ರಯೋಗಿಸಿ. ಅಲ್ಲಿ ಅನಂತದ ಅಂಕ 0 ಆಗಿರುವುದರಿಂದ ಮೊದಲ ಬಗೆಯನ್ನೂ ಬಿಡುವಂತಿಲ್ಲ.

ಕೊನೆಯದು ಅಂತರ ಸಮೀಕರಣ. ದೇವಸ್ಥಾನದ ಹೊರಗೆ ನ ಜನ ಚಪ್ಪಲಿ ಬಿಟ್ಟು ಹೋಗಿ, ಹೊರಬಂದು ಒಬ್ಬರಿಗೂ ತಮ್ಮದು ಸಿಗದಂತೆ ಜೋಡಿಗಳನ್ನು ಹಾಕಿಕೊಳ್ಳುವ ರೀತಿಗಳು 0, 1, 2, 9, 44. ಇವು ಪಾಲಿಸುವ ಸಮೀಕರಣ ಚ(ನ+1) = ನ·(ಚ(ನ) + ಚ(ನ−1)). ನೋಟಕ್ಕೆ ಪಾತಿ ದೋಣಿಯ ಸಮೀಕರಣದಂತೆಯೇ ಇದೆ. ಆದರೂ ಇದಕ್ಕೆ ಅನುಪಾತ ಭಾಗಲಬ್ಧವಾಗಿರುವ ಉತ್ತರವೊಂದಿದೆ. ಅನುಪಾತದ ಘಾತಗಳನ್ನು ಹೋಲಿಸಿ ಶುರುಮಾಡಿ, ಈ ಸಲ ಪೂರ್ಣಾಂಕ ಸಿಗುತ್ತದೆ.